ಗಾಜಿನ ತೊಟ್ಟಿಯ ಆಮ್ಲಮೀಮಾಂಸೆ

ಬಗೆಬಗೆಯ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಸಾಕುವವರಲ್ಲಿ ಮೂರು ದರ್ಶನಗಳಿವೆ: ಆಮ್ಲಾದ್ವೈತ, ಕ್ಷಾರದ್ವೈತ, ಮತ್ತು ಪಂಡಿತರು ಮೂಗು ಮುರಿಯುವ ವಿಶಿಷ್ಟ ನಲ್ಲಿವಾದ. ಮೂರಕ್ಕೂ ಸೂತ್ರಕಾರ ಒಬ್ಬನೇ, ಡೆನ್ಮಾರ್ಕಿನ ಸೊರೆನ್‌ಸೆನ್. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದಾಗ ಆತ ಆಮ್ಲ-ಕ್ಷಾರ ಅಳೆಯುವ ಪಿಎಚ್ ಮಾಪಕವನ್ನು ಲೋಕಕ್ಕೆ ಕೊಟ್ಟ. ಅದು ಬಿಯರ್ ತಯಾರಕರ ಪ್ರಯೋಗಾಲಯವಾದ್ದರಿಂದ, ಈ ಶಾಸ್ತ್ರದ ಮೂಲ ಪೂರ್ತಿ ಸಾತ್ವಿಕವೆಂದು ಹೇಳಲಾಗದು.

ಆಮ್ಲಾದ್ವೈತಿಗಳ ಆರಾಧ್ಯ ದೈವ ಡಿಸ್ಕಸ್ ಮೀನು. ಅದರ ತವರಾದ ಅಮೆಜಾನ್ ಸೀಮೆಯ ರಿಯೊ ನೀಗ್ರೊ ನದಿಯ ಡಿಕಾಕ್ಷನ್ ಬಣ್ಣದ ನೀರಿನ ಪಿಎಚ್ 4ರಿಂದ 5ರ ಆಸುಪಾಸಿನದು. ಮನೆಯ ನೀರೂ ಹಾಗೇ ಆಗಲಿ ಎಂಬುದು ಇವರ ಹರಕೆ. ಕ್ಷಾರದ್ವೈತಿಗಳು ಮೋಲಿ, ಗಪ್ಪಿಗಳ ಪರ ವಾದಿಸಿ, ಮಾತು ಕಾವೇರಿದಾಗ ಪಿಎಚ್ 9ರ ಹತ್ತಿರವಿರುವ ಆಫ್ರಿಕಾದ ಟ್ಯಾಂಗನಿಕಾ ಸರೋವರವನ್ನು ಸಾಕ್ಷಿಗೆ ಕರೆಯುತ್ತಾರೆ.

ಪೂರ್ವಪಕ್ಷ: ಒಂದು ಮೀನಿಗೆ 6 ಬೇಕು, ಇನ್ನೊಂದಕ್ಕೆ 8 ಬೇಕು, 7 ಇಟ್ಟರೆ ನ್ಯಾಯ ಒದಗಿಸಿದಂತಲ್ಲವೆ? ಅಲ್ಲ. ಈ ಮಾಪಕದಲ್ಲಿ ಒಂದು ಮೆಟ್ಟಿಲು ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟು ಹೆಚ್ಚುತ್ತವೆ. 6 ಮತ್ತು 8ರ ಅಯಾನುಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸಿಗುವುದು 7 ಅಲ್ಲ, 6.3. ರಾಜಿ ಪಂಚಾಯಿತಿಗೆ ಕೂತ ಗಣಿತವೇ ಆಮ್ಲದ ಕಡೆ ವಾಲಿತು!

ಇನ್ನು ಪ್ರತ್ಯಕ್ಷ ಪ್ರಮಾಣ. ಕೊಳವೆಯಲ್ಲಿ ತೊಟ್ಟಿಯ ನೀರು ತುಂಬಿ, ಪರೀಕ್ಷಾ ದ್ರಾವಣದ ಹನಿ ಬಿಟ್ಟು, ಮುಚ್ಚಿ ಕುಲುಕಿ, ಬಣ್ಣದ ಚೀಟಿಯ ಪಕ್ಕ ಹಿಡಿಯಬೇಕು. ಹಳದಿ ಬಂದರೆ ಆಮ್ಲ, ನೀಲಿ ಬಂದರೆ ಕ್ಷಾರ. ಟ್ಯೂಬ್‌ಲೈಟಿನ ಕೆಳಗೆ ಯಜಮಾನರಿಗೆ ಕಾಣುವ ಹಸಿರು ಯಜಮಾನತಿಗೆ ನೀಲಿಯಾಗಿ ಕಾಣುವುದು ಈ ಶಾಸ್ತ್ರದ ಬಹುಮುಖ್ಯ ಜ್ಞಾನಮೀಮಾಂಸಾ ಸಮಸ್ಯೆ. ಬೋರ್‌ವೆಲ್ ನೀರಂತೂ ಆಗತಾನೆ ಹಿಡಿದಾಗ ಒಂದು ಹೇಳಿ, ರಾತ್ರಿಯಿಡೀ ಗಾಳಿಯಾಡಿಸಿದ ಮೇಲೆ ಇನ್ನೊಂದು ಹೇಳುತ್ತದೆ. ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ಪಿಎಚ್ ಏರುತ್ತದೆ. ಬೆಳಗಿನ ಸಾಕ್ಷ್ಯವೇ ಪ್ರಮಾಣ.

ಅಳೆದು ಸುಮ್ಮನಿದ್ದರೆ ಸಾಧಕ ಹೇಗಾದಾನು? ಪಿಎಚ್ ಇಳಿಸುವ ಬಾಟಲಿ ಕೊಳ್ಳುತ್ತಾನೆ. ಸಂಜೆ ಹಾಕಿದ ಆಮ್ಲವನ್ನು ಗಡಸು ನೀರಿನ ಬೈಕಾರ್ಬೊನೇಟ್ ನುಂಗುತ್ತದೆ. ಬೆಳಗ್ಗೆ ಅಂಕಿ ಮತ್ತೆ ಮೇಲೆ. ಮತ್ತೆ ಹನಿ, ಮತ್ತೆ ಏರಿಕೆ. ಕೊನೆಗೊಂದು ದಿನ ಬೈಕಾರ್ಬೊನೇಟ್ ತೀರಿ ಅಂಕಿ ಧೊಪ್ಪೆಂದು ಬೀಳುತ್ತದೆ. 7.6ರಲ್ಲಿ ನೆಮ್ಮದಿಯಾಗಿದ್ದ ಮೀನು ಸಾಯುವುದು ಈ ಜೋಕಾಲಿಯಲ್ಲಿ. ಗಾಬರಿಬಿದ್ದು ಅಡುಗೆ ಸೋಡಾ ಸುರಿದು ಮೇಲಕ್ಕೆತ್ತಿದರೆ ಇನ್ನೊಂದು ಗಂಡಾಂತರ: ಪಿಎಚ್ 7ರಿಂದ 8ಕ್ಕೇರಿದಾಗ, ತೊಟ್ಟಿಯಲ್ಲಿರುವ ಅಮೋನಿಯಾದಲ್ಲಿ ವಿಷರೂಪದ ಪಾಲು ಹತ್ತಿರಹತ್ತಿರ ಹತ್ತು ಪಟ್ಟಾಗುತ್ತದೆ.

ನಲ್ಲಿವಾದಿಗಳಿಗೆ ಗ್ರಂಥವಿಲ್ಲ, ಬಾಟಲಿಯೂ ಇಲ್ಲ. ಮನೆಗೆ ಬರುವ ನೀರನ್ನು ಅಳೆದು, ಅದಕ್ಕೆ ಒಗ್ಗುವ ಮೀನು ತಂದು, ಹೊಸಬರನ್ನು ನಿಧಾನವಾಗಿ ನೀರಿಗೆ ಹೊಂದಿಸಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸುತ್ತಾರೆ. ನಮ್ಮ ಅಂಗಡಿಗಳ ನಿಯಾನ್ ಟೆಟ್ರಾಗಳಲ್ಲಿ ಹೆಚ್ಚಿನವು ಸಾಕಣೆ ಕೇಂದ್ರದ ಕೂಸುಗಳು. ಅಮೆಜಾನನ್ನು ಅವುಗಳ ಅಜ್ಜಂದಿರೂ ಕಂಡಿರಲಿಕ್ಕಿಲ್ಲ. 6.5ರಿಂದ 7.8ರೊಳಗೆ ಎಲ್ಲಾದರೂ ಒಂದೆಡೆ ನೀರು ನಿಂತರೆ ಅವುಗಳದ್ದೇನೂ ತಕರಾರಿಲ್ಲ. ಕಾಡಿನಿಂದ ಹಿಡಿದು ತಂದ ಡಿಸ್ಕಸ್‌ಗೂ ಟ್ಯಾಂಗನಿಕಾದ ಸಿಕ್ಲಿಡ್‌ಗೂ ಮಾತ್ರ ಈ ಪಂಕ್ತಿಯಲ್ಲಿ ಎಲೆ ಹಾಕುವಂತಿಲ್ಲ; ಅವಕ್ಕೆ ಬೇರೆ ಬೇರೆ ಮನೆಯೇ ಆಗಬೇಕು.

ಎಲೆ ಎಂದ ಮೇಲೆ ತೊಟ್ಟಿಗೆ ಹಾಕುವ ಬಾದಾಮಿ ಎಲೆಯ ವಿಚಾರ. ಇದರ ಟ್ಯಾನಿನ್ ಮೆದು ನೀರನ್ನು ತುಸು ಆಮ್ಲೀಯಗೊಳಿಸುವುದು ದಿಟ, ಆದರೆ ಗಡಸು ನೀರಿನಲ್ಲಿ ಬಣ್ಣ ಬಿಡುವುದಷ್ಟೇ ಇದರ ಸಾಧನೆ. ಬೆಂಗಳೂರಿನ ಫುಟ್‌ಪಾತ್ ಮೇಲೆ ಉದುರಿದಾಗ ಕಸವೆನಿಸಿಕೊಂಡು ಗುಡಿಸಿಹೋಗುವ ಇದೇ ಎಲೆ, ಆನ್‌ಲೈನಿನಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಕೊಳ್ಳುವವರಲ್ಲಿ ಅದೇ ಮರದಡಿ ಗಾಡಿ ನಿಲ್ಲಿಸುವವರು ಎಷ್ಟು ಮಂದಿ ಎಂಬುದು ಪಿಎಚ್‌ಡಿಗೆ ಯೋಗ್ಯವಾದ ವಿಷಯ.