ಹೊಳೆ ಬತ್ತಿದರೂ ಬಿಲ್ಲು ಬತ್ತದಿರಲಿ

ಮಾನ್ಯ ಜಲಸಂಪನ್ಮೂಲ ಸಚಿವರಿಗೆ,

ಮೂಡಿಗೆರೆ ಸೀಮೆಯ ಒಬ್ಬ ಸಣ್ಣ ಕಾಫಿ ಬೆಳೆಗಾರನ ನಮಸ್ಕಾರಗಳು.

ವಿಷಯ: ನೀರಿನ ಹೆಸರಿನಲ್ಲಿ ತಾವು ಮಾಡುತ್ತಿರುವ ಖರ್ಚಿಗೆ ಬೇಷರತ್ ಬೆಂಬಲ ಸೂಚಿಸುವ ಕುರಿತು.

ಉಲ್ಲೇಖ: ಎತ್ತಿನಹೊಳೆ ಯೋಜನೆಯ ಅಂದಾಜು. 2012ರಲ್ಲಿ 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನಮ್ಮ ಕಡೆ ಈಚೆಗೆ ತಮ್ಮ ಇಲಾಖೆಯ ಮೇಲೆ ಅಪಪ್ರಚಾರ ಜೋರಾಗಿದೆ. ಸಂತೆಯ ದಿನ ಹೋಟೆಲಿನಲ್ಲಿ ಕೂತವರು, ಕಾಫಿ ವ್ಯಾಪಾರಿಯ ಗೋಡೌನಿನ ಮುಂದೆ ಔಟ್‌ಟರ್ನ್ (ಬೀಜದ ಇಳುವರಿ) ಲೆಕ್ಕಕ್ಕೆ ಕಾಯುವವರು, ಎಲ್ಲರದೂ ಒಂದೇ ರಾಗ: ‘ಎತ್ತಿನಹೊಳೆಗೆ ಸರ್ಕಾರ ದುಡ್ಡನ್ನು ನೀರಿನ ಹಾಗೆ ಹರಿಸಿತಲ್ಲ ಮಾರಾಯ್ರೆ!’ ಇದು ಶುದ್ಧ ಸುಳ್ಳು. ನೀರು ಹಾಗೆಲ್ಲ ಹರಿಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆಂದು ಎತ್ತಿನಹೊಳೆಯಿಂದ ನೀರೆತ್ತುವುದು ಮಳೆಗಾಲದ ನಾಲ್ಕೈದು ತಿಂಗಳು ಮಾತ್ರ. ದುಡ್ಡು ಮಾತ್ರ ಬೇಸಿಗೆ, ಚಳಿ, ಚುನಾವಣೆ ಯಾವುದನ್ನೂ ಲೆಕ್ಕಿಸದೆ ಹನ್ನೆರಡು ತಿಂಗಳೂ ಹರಿದಿದೆ. ನೀರಿಗೆ ಅಂಥ ಶಿಸ್ತು ಎಲ್ಲಿಂದ ಬರಬೇಕು?

ಎತ್ತಿನಹೊಳೆ ಇರುವುದು ಸಕಲೇಶಪುರ ತಾಲ್ಲೂಕಿನಲ್ಲಿ, ಮೂಡಿಗೆರೆಯವನಿಗೆ ಯಾಕೆ ಈ ಉಸಾಬರಿ ಎಂದು ತಾವು ಕೇಳಬಹುದು. ನಮ್ಮದು ಹೊಳೆಗಳ ತವರು ಸ್ವಾಮಿ. ಹೇಮಾವತಿ ನಮ್ಮ ಜಾವಳಿಯಲ್ಲಿ ಹುಟ್ಟಿ ಗೊರೂರಿಗೆ ಹೋಗುತ್ತಾಳೆ. ಭದ್ರೆ ಗಂಗಾಮೂಲದಿಂದ ಇಳಿದು ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿ ಸೇರುತ್ತಾಳೆ. ಘಟ್ಟದ ಇನ್ನೊಂದು ಪಕ್ಕದ ಹಳ್ಳಗಳೆಲ್ಲ, ಎತ್ತಿನಹೊಳೆಯೂ ಸೇರಿ, ನೇತ್ರಾವತಿಯ ಪಾಲು. ಯಾವ ಹೊಳೆಗೆ ಯಾವಾಗ ಯಾರು ಟೆಂಡರ್ ಕರೆಯುತ್ತಾರೋ ಎಂದು ನಾವು ಕಿವಿ ನೆಟ್ಟಗೆ ಮಾಡಿಕೊಂಡೇ ಇರುತ್ತೇವೆ.

ಮೊದಲು ಅಂದಾಜಿನ ಮಾತು. ಹನ್ನೊಂದು ವರ್ಷದಲ್ಲಿ ಎರಡೂಮುಕ್ಕಾಲು ಪಟ್ಟು ಆಯಿತು ಎಂದು ಕೆಲವರು ಹುಬ್ಬೇರಿಸುತ್ತಾರೆ. ಅಭಿವೃದ್ಧಿ ಎಂದರೆ ಬೆಳೆಯುವುದು ತಾನೆ? ಕಾಲುವೆ ಬೆಳೆಯಲು ಭೂಸ್ವಾಧೀನದ ತಕರಾರು, ಅರಣ್ಯದ ತಕರಾರು. ಅಂದಾಜು ಬೆಳೆಯಲು ಯಾರ ತಕರಾರೂ ಇಲ್ಲ. ನಮ್ಮ ರೊಬಸ್ಟಾ ದರ ಲಂಡನ್ನಿನಲ್ಲಿ ಏರುತ್ತದೆ, ಇಳಿಯುತ್ತದೆ. ಇಳಿದಾಗ ತೋಟ ಮಾರಿಕೊಂಡವರನ್ನೂ ನೋಡಿದ್ದೇವೆ. ನೀರಾವರಿ ಅಂದಾಜು ಇಳಿದದ್ದನ್ನು ನಾನಂತೂ ಕಂಡಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿ. 2008ರಲ್ಲಿ 5,985 ಕೋಟಿ ಎಂದಿದ್ದದ್ದು ಆಮೇಲೆ 21,473 ಕೋಟಿ ಆಯಿತು. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಎಂದು ಘೋಷಿಸಿದಾಗ ನಮ್ಮ ಜಿಲ್ಲೆಯಲ್ಲೂ ಪಟಾಕಿ ಹೊಡೆಯುವ ಉತ್ಸಾಹವಿತ್ತು. ಆ ಹಣ ಎಲ್ಲಿ ಎಂದು ರಾಜ್ಯ ಸರ್ಕಾರ ಆಮೇಲೆ ಕೇಳುತ್ತಲೇ ಬಂದಿದೆ. ದಿಲ್ಲಿಯವರಿಗೆ ಇನ್ನೂ ನಮ್ಮ ಹಾಗೆ ಖರ್ಚು ಮಾಡುವ ಕಲೆ ಕೈಹತ್ತಿಲ್ಲ.

ಪಕ್ಷಭೇದದ ಆರೋಪವಂತೂ ಇಲ್ಲಿ ನಿಲ್ಲುವುದೇ ಇಲ್ಲ. 2012ರಲ್ಲಿ ಬಿಜೆಪಿ ಸರ್ಕಾರ ಒಪ್ಪಿಗೆ ಕೊಟ್ಟಿತು. 2014ರಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಮಾಡಿದರು. ಆಮೇಲೆ ಸಮ್ಮಿಶ್ರ ಸರ್ಕಾರ ಬಂತು, ಮತ್ತೆ ಬಿಜೆಪಿ ಬಂತು, ಮತ್ತೆ ಕಾಂಗ್ರೆಸ್ ಬಂತು. ಗೋವಿನಿಂದ ಗ್ಯಾರಂಟಿಯವರೆಗೆ ಒಂದರಲ್ಲೂ ಒಮ್ಮತ ಕಾಣದ ನಮ್ಮ ವಿಧಾನಸಭೆ ಇಷ್ಟು ವರ್ಷ ಇಷ್ಟು ಸೌಹಾರ್ದದಿಂದ ಸಾಕಿದ ಮಗು ಇನ್ನೊಂದಿಲ್ಲ.

ಇನ್ನು ನೀರೆಷ್ಟು ಎಂಬ ಪ್ರಶ್ನೆ. ಟೀಕಾಕಾರರು ಬಾಯಿ ಹಾಕುವುದೇ ಇಲ್ಲಿ. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವುಗಳಿಗೆ ಎಂಟು ಒಡ್ಡು ಕಟ್ಟಿ 24.01 ಟಿಎಂಸಿ ಎತ್ತುತ್ತೇವೆ ಎಂದು ಸರ್ಕಾರ ಹೇಳಿದೆ. ಅದೂ ಇಪ್ಪತ್ತನಾಲ್ಕು ಎಂದು ಒರಟಾಗಿ ಹೇಳಿಲ್ಲ, ಬಿಂದುವಿನ ಮುಂದೆ ಸೊನ್ನೆ ಒಂದು ಎಂದು ನಾಜೂಕಾಗಿ ಹೇಳಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಅಧ್ಯಯನ ಮಾಡಿ, ಆ ಜಲಾನಯನದಲ್ಲಿ ಒಟ್ಟು ಸಿಗುವುದೇ 9.55 ಟಿಎಂಸಿ, ಸ್ಥಳೀಯ ಬೇಸಾಯ, ಕಾಡು, ಮೀನುಗಳ ಪಾಲು ತೆಗೆದರೆ ಸಾಗಿಸಲು ಉಳಿಯುವುದು ಅತ್ಯಲ್ಪ ಎಂದರು. ವಿಜ್ಞಾನಿಗಳ ಕಷ್ಟವೇ ಇದು, ಇರುವುದನ್ನು ಅಳೆಯುತ್ತಾರೆ. ಯೋಜನೆ ಮಾಡುವವರು ಇರಬೇಕಾದ್ದನ್ನು ಅಳೆಯುತ್ತಾರೆ.

ನಮ್ಮಲ್ಲಿ ಮಳೆ ಅಳೆಯುವುದು ಒಂದು ಚಾಳಿ. ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಲ್ಲದ ತೋಟ ಕಡಿಮೆ. ಬೆಳಗಾಗುತ್ತಲೇ ಗೊರಬು ಹಾಕಿಕೊಂಡು ಹೋಗಿ, ಡಬ್ಬಿಯ ನೀರನ್ನು ಗಾಜಿನ ಅಳತೆಯ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಇಂಚು, ಸೆಂಟು ಓದಿ, ಜಗಲಿಯಲ್ಲಿ ಮೊಳೆಗೆ ನೇತುಹಾಕಿದ ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ಊರೆಲ್ಲ ಫೋನು: ‘ನಿಮ್ಮಲ್ಲಿ ಎಷ್ಟು?’ ‘ಮೂರಿಂಚು ಇಪ್ಪತ್ತು ಸೆಂಟು.’ ‘ನಮ್ಮಲ್ಲಿ ಒಂದೂವರೆಯೂ ಇಲ್ಲ ಮಾರಾಯ!’ ಒಂದು ಗುಡ್ಡ ದಾಟಿದರೆ ಲೆಕ್ಕ ಬದಲಾಗುತ್ತದೆ. ಕೊಟ್ಟಿಗೆಹಾರದಲ್ಲಿ ಹಿಡಿದ ಮಳೆ ಮೂಡಿಗೆರೆ ಪೇಟೆಯಲ್ಲಿ ಬಹಳ ಸಲ ಅರ್ಧವೂ ಇರುವುದಿಲ್ಲ. ಅಪ್ಪ ಬರೆದಿಟ್ಟ ಪುಸ್ತಕ, ಮಗ ಬರೆದ ಪುಸ್ತಕ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೂಡ, ಮುಂದಿನ ಜುಲೈನಲ್ಲಿ ಇಷ್ಟೇ ಬರುತ್ತದೆ ಎಂದು ಪಂದ್ಯ ಕಟ್ಟುವ ಬೆಳೆಗಾರ ನಮ್ಮಲ್ಲಿಲ್ಲ. ತಾವು ಕಟ್ಟಿದ್ದೀರಿ, ಅದೂ 23,251 ಕೋಟಿಯ ಪಂದ್ಯ. ಈ ಧೈರ್ಯಕ್ಕೆ ನನ್ನ ಟೋಪಿ ಮಾತ್ರವಲ್ಲ, ಗೊರಬನ್ನೂ ತೆಗೆಯುತ್ತೇನೆ.

ಅಷ್ಟಕ್ಕೂ ನೀರು ಕಡಿಮೆ ಸಿಕ್ಕರೆ ನಷ್ಟವೇನು? 24.01 ಸಿಕ್ಕಿದರೆ ಒಂದು ಟಿಎಂಸಿಗೆ ಸುಮಾರು 968 ಕೋಟಿ ಬೀಳುತ್ತದೆ. 9.55 ಇಟ್ಟುಕೊಂಡರೆ ಒಂದು ಟಿಎಂಸಿಗೆ ಸುಮಾರು 2,435 ಕೋಟಿ. ನೀರು ಕಮ್ಮಿಯಾದಷ್ಟೂ ಅದರ ಬೆಲೆ ಏರುತ್ತದೆ. ‘ನೀರು ಅಮೂಲ್ಯ’ ಎಂದು ಶಾಲೆಯ ಗೋಡೆ ಮೇಲೆ ಬರೆಸಿದವರೆಲ್ಲ ಬರೀ ಬಾಯಿಮಾತಿನವರು. ಅದನ್ನು ಲೆಕ್ಕಪತ್ರದಲ್ಲಿ ಸಾಧಿಸಿ ತೋರಿಸಿದ್ದು ತಮ್ಮ ಇಲಾಖೆ.

ಇನ್ನೊಂದು ಗುಂಪಿದೆ, ಅದು ಘಟ್ಟದ ಕೆಳಗಿನದು. ನೇತ್ರಾವತಿಯ ನೀರು ತಿರುಗಿಸಿದರೆ ಕರಾವಳಿಗೆ ಏನು ಉಳಿಯುತ್ತದೆ ಎಂದು ಅವರ ಕೂಗು. 2019ರ ಮೇ ತಿಂಗಳಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರೇ, ನೀರಿನ ಅಭಾವವಿದೆ, ಯಾತ್ರೆಯನ್ನು ಮುಂದೂಡಿ ಎಂದು ಭಕ್ತರಲ್ಲಿ ವಿನಂತಿಸಿಕೊಂಡಿದ್ದರು. ಅದೇ ವರ್ಷ ಹಸಿರು ನ್ಯಾಯಮಂಡಳಿ ಯೋಜನೆಯ ವಿರುದ್ಧದ ಅರ್ಜಿಯನ್ನು ವಜಾ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಎಲ್ಲ ಕೊಚ್ಚಿಹೋದವು. ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತು. ಮೂರೇ ತಿಂಗಳ ಅಂತರದಲ್ಲಿ ಇದೇ ನೆಲದಲ್ಲಿ ಬರವೂ ಪ್ರಳಯವೂ. ಇಂಥ ಚಂಚಲ ಹೊಳೆಯ ಕೈಯಲ್ಲಿ ನೀರನ್ನು ಬಿಡಬಾರದು, ಅದನ್ನು ಪೈಪಿನಲ್ಲಿ ಹಾಕಿ ಶಿಸ್ತು ಕಲಿಸಬೇಕು ಎಂಬುದು ತಮ್ಮ ವಾದ. ಸಮುದ್ರಕ್ಕೆ ಹೋಗುವ ನೀರೆಲ್ಲ ಪೋಲು ಎಂದು ನಂಬಿದವರಿಗೆ ಇದು ಅರ್ಥವಾಗುತ್ತದೆ. ಮೀನುಗಳ ಅಭಿಪ್ರಾಯ ಪಡೆದಿಲ್ಲ, ಅವಕ್ಕೆ ಮತವಿಲ್ಲ.

ಒಂದು ಮಾತನ್ನು ಮಾತ್ರ ನಗೆ ಬಿಟ್ಟು ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆ ಸುಳ್ಳಲ್ಲ. ಸಾವಿರದೈನೂರು ಅಡಿ ಕೊರೆದರೂ ಬರೀ ಧೂಳು ಬರುವ ಬೋರ್‌ವೆಲ್, ನೀರು ಬಂದರೂ ಅದರಲ್ಲಿ ಫ್ಲೋರೈಡ್. ಆ ಜನ ವರ್ಷಗಟ್ಟಲೆ ಬೀದಿಯಲ್ಲಿ ಕೂತು ನೀರು ಕೇಳಿದ್ದಾರೆ. ನೂರಿಂಚು ಮಳೆಯಲ್ಲಿ ನೆನೆಯುವ ನಾವು ಅವರನ್ನು ಮೂದಲಿಸಿದರೆ ನಾಲಿಗೆ ಬೀಳುತ್ತದೆ. ಫೆಬ್ರವರಿಯಲ್ಲಿ ಹೂಮಳೆ ತಡವಾದರೆ ಸಾಕು, ಹಳ್ಳಕ್ಕೆ ಪಂಪು ಇಳಿಸಿ ಸ್ಪ್ರಿಂಕ್ಲರ್ ತಿರುಗಿಸಿ ಕೆಳಗಿನವರಿಗೆ ಹನಿ ಬಿಡದವರು ನಮ್ಮಲ್ಲೂ ಇದ್ದಾರೆ. ನನ್ನ ಸಿಟ್ಟು ಆ ಬಾಯಾರಿಕೆಯನ್ನು ಜಾಮೀನಾಗಿಟ್ಟು ಬಿಲ್ಲು ಬರೆಯುವವರ ಮೇಲೆ. ಕೋಲಾರದ ಕೆರೆಗಳಿಗೆ ಮೊದಲು ನೀರು ಕಾಣಿಸಿದ್ದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯಿಟ್ಟುಕೊಂಡು, 2018ರಲ್ಲೇ ಹರಿಸಿದ್ದು. ಅದು ಎರಡೇ ಹಂತದ ಸಂಸ್ಕರಣೆ, ಸಾಲದು ಎಂಬ ಜಗಳ ಇನ್ನೂ ಇದೆ. ಆ ಜಗಳ ನ್ಯಾಯವಾದದ್ದೇ. ಆದರೂ ಎತ್ತಿನಹೊಳೆಯ ದುಡ್ಡಿನ ಸಣ್ಣದೊಂದು ಪಾಲಿನಲ್ಲಿ ಆ ಕೆಲಸ ಮುಗಿದುಹೋಯಿತು. ಹಾಗೆ ಬೇಗ ಮುಗಿದದ್ದೇ ಅದರ ದೋಷವಿರಬೇಕು.

ಮತ್ತೆ ಬೆಂಬಲಕ್ಕೆ ಬರುತ್ತೇನೆ. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ. ಸಕಲೇಶಪುರದ ಬಳಿ ಮುಖ್ಯಮಂತ್ರಿಗಳು ಮೊದಲ ಹಂತ ಉದ್ಘಾಟಿಸಿ ಗಂಗೆಗೆ ಬಾಗಿನ ಕೊಟ್ಟರು. ಘಟ್ಟದ ನೀರು ನಿಜಕ್ಕೂ ಮೇಲೇರಿ ಬಂತು. ಎಂಜಿನಿಯರುಗಳು ಮಾಡಿದ ಆ ಕೆಲಸ ಸಣ್ಣದಲ್ಲ, ಮೆಚ್ಚಬೇಕು. ಆದರೆ ಮುಂದೆ ಕಾಲುವೆ ಪೂರ್ತಿಯಾಗಿರಲಿಲ್ಲ. ಹಾಗಾಗಿ ಕೋಲಾರಕ್ಕೆಂದು ಹೊರಟ ನೀರು ವೇದಾವತಿ ಹಿಡಿದು ಹಿರಿಯೂರಿನ ವಾಣಿವಿಲಾಸ ಸಾಗರದ ದಾರಿ ಹಿಡಿಯಿತು. ವೇದಾವತಿಯೂ ನಮ್ಮ ಚಿಕ್ಕಮಗಳೂರಿನ ಗಿರಿಯಿಂದಲೇ ಇಳಿಯುವವಳು, ಅಯ್ಯನಕೆರೆ, ಮದಗದ ಕೆರೆಗಳ ಮಗಳು. ಹೀಗೆ ಹಿರಿಯೂರಿಗೆ ನೀರು, ಕೋಲಾರಕ್ಕೆ ಭರವಸೆ, ಗುತ್ತಿಗೆದಾರರಿಗೆ ಬಿಲ್ಲು. ಒಂದೇ ಬಾಗಿನದಲ್ಲಿ ಮೂವರಿಗೆ ಫಲ ಹಂಚಿದ ಉದಾಹರಣೆ ಪುರಾಣದಲ್ಲೂ ಸಿಗುವುದಿಲ್ಲ.

ದೊಡ್ಡ ಯೋಜನೆಯನ್ನು ಬೆಂಬಲಿಸುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕಳಸದ ಪಕ್ಕದಲ್ಲೇ ಕುದುರೆಮುಖವಿದೆ. ಇರಾನಿನ ಷಾ ಹಣ ಹೂಡುತ್ತಾನೆ, ಅದಿರನ್ನೂ ಅವನೇ ಕೊಳ್ಳುತ್ತಾನೆ ಎಂದು 1970ರ ದಶಕದಲ್ಲಿ ಗಣಿ ಎಬ್ಬಿಸಿದರು. 1979ರ ಕ್ರಾಂತಿಯಲ್ಲಿ ಷಾ ಗಂಟುಮೂಟೆ ಕಟ್ಟಿದ, ಕೊಳ್ಳುವವರೂ ಕೈಕೊಟ್ಟರು. ಖರ್ಚು ಆಗಿಹೋಗಿತ್ತು, ಆದ್ದರಿಂದ ಕೆಲಸ ಮುಂದುವರಿಯಿತು. ಗುಡ್ಡವನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಪೈಪಿನಲ್ಲಿ ಮಂಗಳೂರಿಗೆ ಇಳಿಸಿದರು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ಇನ್ನೂ ಕೂತಿದೆ. ಆಗಿಹೋದ ಖರ್ಚೇ ಮುಂದಿನ ಖರ್ಚಿಗೆ ಸಮರ್ಥನೆ ಎಂಬ ತತ್ತ್ವವನ್ನು ನಾವು ಪ್ರಾಯೋಗಿಕವಾಗಿ ಕಲಿತದ್ದು ಅಲ್ಲಿ.

ಹಾಗಾಗಿ ನಮಗೆ ಹೆಚ್ಚಿನ ಬೇಡಿಕೆಗಳಿಲ್ಲ. ಕಳಸ–ಹೊರನಾಡು ನಡುವೆ ಭದ್ರೆಯ ಮೇಲೆ ಹೆಬ್ಬಾಳೆ ಸೇತುವೆ ಇದೆ. ಜೋರು ಮಳೆ ಬಂದರೆ ಮುಳುಗುತ್ತದೆ. ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬಂದವರು ಹಳುವಳ್ಳಿ ಮೇಲೆ ಸುತ್ತಿ ಹೋಗುತ್ತಾರೆ. ಟಿವಿಯವರು ಬಂದು ಮುಳುಗಿದ ಸೇತುವೆಯನ್ನು ಪ್ರತಿ ವರ್ಷ ಹೊಸದಾಗಿ ತೋರಿಸುತ್ತಾರೆ. ಅದನ್ನು ಎತ್ತರಿಸಿ ಎಂದು ಕೇಳಿ ತಮ್ಮ ಸಮಯ ಹಾಳು ಮಾಡುವುದಿಲ್ಲ. ಸೇತುವೆಯ ಅಂದಾಜಿಗೆ ಟಿಎಂಸಿಯ ಗಾಂಭೀರ್ಯ ಬರುವುದಿಲ್ಲ.

ಕುಡಿಯುವ ನೀರಿಗೂ ತಮ್ಮನ್ನು ಕಾಡುವುದಿಲ್ಲ. ಗುಡ್ಡದ ಮೇಲಿನ ಅಬ್ಬಿಗೆ ಕರಿ ಪೈಪು ಇಟ್ಟು, ಬಾಯಿಗೆ ಹಳೆಯ ಬಟ್ಟೆ ಕಟ್ಟಿ, ತೋಟದೊಳಗೆ ಇಳಿಜಾರು ನೋಡಿಕೊಂಡು ಮನೆಯ ತೊಟ್ಟಿಗೆ ನೀರು ತಂದುಕೊಂಡವರು ನಾವು. ಕರೆಂಟು ಬೇಡ, ಪಂಪು ಬೇಡ. ಎಲೆಯೋ ಏಡಿಯೋ ಸಿಕ್ಕಿಕೊಂಡು ನೀರು ನಿಂತರೆ ಮನೆಯಲ್ಲಿ ಯಾರಿಗೆ ಬೈಗುಳ ಜಾಸ್ತಿ ಬೀಳುತ್ತದೋ ಅವರು ಜಿಗಣೆಗೆ ಸುಣ್ಣ ಹಚ್ಚಿಕೊಂಡು ಹತ್ತಿ ಹೋಗಿ ಊದಿ ಸರಿಮಾಡಿ ಬರುತ್ತಾರೆ. ಈಚೆಗೆ ಮಾರ್ಚ್ ಬಂತೆಂದರೆ ಅಬ್ಬಿಯೇ ಸಣ್ಣಗಾಗುತ್ತಿದೆ, ಆ ಮಾತು ಬೇರೆ. ಹೊಳೆ ಹುಟ್ಟುವ ಊರಿಗೂ ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಕಾಲ ಬಂದರೆ, ಅದಕ್ಕೂ ತಾವೊಂದು ಯೋಜನೆ ಮಾಡುತ್ತೀರಿ ಎಂಬ ನಂಬಿಕೆ ನಮಗಿದೆ.

ಕೇಳುವುದು ಒಂದೇ. ಎಂಟು ಒಡ್ಡುಗಳ ಬಳಿಯೂ ಒಂದೊಂದು ಫಲಕ ಹಾಕಿಸಿ. ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಬಸ್‌ಸ್ಟ್ಯಾಂಡಿನ ಎದುರೂ ಹಾಕಿಸಿ. ಎಡಗಡೆ ಈ ಮಳೆಗಾಲದಲ್ಲಿ ಎತ್ತಿದ ನೀರು, ದಿನದಿನದ ಲೆಕ್ಕ. ಬಲಗಡೆ ಇದುವರೆಗೆ ಪಾವತಿಯಾದ ಹಣ. ನೀರಿನ ಅಳತೆ ಓದುವ ಕೆಲಸಕ್ಕೆ ನೌಕರರು ಸಿಗದಿದ್ದರೆ ನಮ್ಮಲ್ಲಿ ಜನರಿದ್ದಾರೆ. ಸಂಬಳ ಬೇಡ, ಅಳೆಯುವ ಚಾಳಿ ಹೇಗೂ ಇದೆ. ಮುಂದಿನ ಜೂನ್ ಒಳಗೆ ಫಲಕ ಎದ್ದರೆ ಮೊದಲ ದಿನದ ಅಂಕಿ ಬರೆಯಲು ನಾನೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ಕಡೆಯ ಒಬ್ಬ ತೆರಿಗೆದಾರ