ಜಿಂಕೆ ಸ್ಟೇಕ್: ಬಳಕೆದಾರರ ಕೈಪಿಡಿ

ಮೊದಲಿಗೆ ಕಾನೂನು. ಈ ಕೈಪಿಡಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದೊಳಗೆ ಮಾತ್ರ ಊರ್ಜಿತ. ಸಕಲೇಶಪುರದಲ್ಲೋ ಬಂಡೀಪುರದ ಅಂಚಿನಲ್ಲೋ ಕೂತು ಓದುತ್ತಿರುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನೆದು, ಬರೀ ಓದಿನಲ್ಲೇ ಬಾಯಿ ಚಪ್ಪರಿಸಿಕೊಳ್ಳತಕ್ಕದ್ದು.

ಸಾಮಗ್ರಿ ಸಂಪಾದನೆ: ಬೇಟೆಯಾಡಿದ ಜಿಂಕೆಯ ಮಾಂಸವನ್ನು ಇಲ್ಲಿ ಮಾರುವಂತಿಲ್ಲ, ಬಿಟ್ಟಿ ಕೊಡಬಹುದು. ಆದ್ದರಿಂದ ನಿಮಗೆ ಬೇಕಾದ್ದು ಬಂದೂಕಲ್ಲ, ಬಂದೂಕಿರುವ ನೆರೆಯವರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಬಂದೂಕಿನ ಬೇಟೆ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ಐದು ಲಕ್ಷಕ್ಕೂ ಮೀರಿ ಜನ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರುತ್ತಾರೆ. ಅಕ್ಟೋಬರಿನಲ್ಲೇ ಪಕ್ಕದ ಮನೆಯವರ ಅಂಗಳದ ಎಲೆ ಗುಡಿಸಿಕೊಟ್ಟಿರುವುದು ಒಳ್ಳೆಯದು. ನಾನು ಎರಡು ವರ್ಷ ಗುಡಿಸಿದ ಮೇಲೆ ಮೊದಲ ಪೊಟ್ಟಣ ಬಂತು.

ಪೊಟ್ಟಣ ಕೈಗೆ ಬಂದಾಗ ದಾಕ್ಷಿಣ್ಯ ಬಿಟ್ಟು ಒಂದು ಮಾತು ಕೇಳಿ: "ಟೆಸ್ಟ್ ಮಾಡಿಸಿದ್ರಾ?" ಜಿಂಕೆಯ ಮಿದುಳನ್ನು ತಿನ್ನುವ ಸಿಡಬ್ಲ್ಯೂಡಿ ಎಂಬ ಕಾಯಿಲೆ ಈ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಅಂಟಿದ ದಾಖಲೆಯಿಲ್ಲ. ಆದರೂ ಇದು ಬೇಯಿಸಿದರೆ ಸಾಯುವ ಕ್ರಿಮಿಯಲ್ಲ. ಮಡಿಕೆ ತಪ್ಪಿದ ಪ್ರೋಟೀನು, ಕೆಂಡಕ್ಕೂ ಜಗ್ಗುವುದಿಲ್ಲ. ಪರೀಕ್ಷೆಯನ್ನು ಸರ್ಕಾರವೇ ಪುಕ್ಕಟೆ ಮಾಡಿಕೊಡುತ್ತದೆ. ವರದಿ ಬರುವತನಕ ಫ್ರೀಜರು.

ಬಿಳಿ ಕಾಗದದ ಮೇಲೆ ದಪ್ಪ ಮಾರ್ಕರಿನಲ್ಲಿ 'ಬ್ಯಾಕ್‌ಸ್ಟ್ರಾಪ್' ಎಂದು ಬರೆದಿದ್ದರೆ ನಿಮ್ಮ ಅದೃಷ್ಟ, ಅದು ಬೆನ್ನುಮೂಳೆಯ ಪಕ್ಕದ ಖಂಡ. 'ಸ್ಟ್ಯೂ' ಎಂದಿದ್ದರೆ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ ಕುಕ್ಕರ್ ತೆಗೆಯಿರಿ.

ಖಂಡದ ಮೇಲೆ ಬೆಳ್ಳಿಯ ಹಾಗೆ ಮಿರುಗುವ ತೆಳುಪೊರೆ ಇರುತ್ತದೆ. ಅದು ಬಿಸಿಗೆ ಕರಗುವುದಿಲ್ಲ, ಮುದುಡುತ್ತದೆ. ಮುದುಡುವಾಗ ಮಾಂಸವನ್ನೂ ಸೆಟೆಸುತ್ತದೆ. ಸಣ್ಣ ಅಲಗಿನ ಚಾಕುವನ್ನು ಪೊರೆಯ ಕೆಳಗೆ ತೂರಿಸಿ, ಬಾಯಿಯನ್ನು ತುಸು ಮೇಲಕ್ಕೆ ವಾಲಿಸಿ, ಪೊರೆಯನ್ನು ಎಳೆಯುತ್ತ ಸವರುತ್ತ ಹೋಗಿ. ನೆಣ ಕಂಡರೆ ಅದನ್ನೂ ಕೀಳಿ. ಕುರಿಯ ನೆಣ ಕಂಡು ಬೆಳೆದವರಿಗೆ ಇದು ಕರುಳು ಹಿಂಡುವ ಕೆಲಸ. ಆದರೆ ಜಿಂಕೆಯ ನೆಣ ಆರುತ್ತಲೇ ಮೇಣದಂತೆ ಗಟ್ಟಿಯಾಗಿ ಬಾಯಿಯ ಅಂಗಳಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಬಿಸಿ ಕಾಫಿ ಕುಡಿದೇ ಬಿಡಿಸಬೇಕು.

ಮಸಾಲೆ ಹಚ್ಚುವುದು. ಇಲ್ಲಿಯ ಬೇಟೆಗಾರರಲ್ಲಿ ಹಲವರು ಬಾಟಲಿಯ ಇಟಾಲಿಯನ್ ಡ್ರೆಸ್ಸಿಂಗ್ ಸುರಿದು ಕೈ ತೊಳೆದುಕೊಳ್ಳುತ್ತಾರೆ. ಕೆಲವರು ವೂಸ್ಟರ್ ಸಾಸ್ ಹಾಕುತ್ತಾರೆ. ಅದರೊಳಗಿನ ಹುಣಸೆಹಣ್ಣು ನಮ್ಮದೇ, ಇಂಗ್ಲೆಂಡಿಗೆ ಹೋಗಿ ಹೆಸರು ಬದಲಿಸಿಕೊಂಡು ಬಂದಿದೆ, ಅಷ್ಟೆ. ನಾನು ಮೊದಲ ಸಲ ಬುದ್ಧಿವಂತಿಕೆ ಮೆರೆದು ಹಸಿ ಪಪ್ಪಾಯಿ ತುರಿದು, ನಿಂಬೆಹಣ್ಣು ಹಿಂಡಿ, ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ನೋಡಿದರೆ ಹೊರಮೈ ನೆನೆದ ಅವಲಕ್ಕಿಯಂತಾಗಿತ್ತು, ಬೆರಳಿಟ್ಟರೆ ಬೆರಳಿಗೇ ಬರುತ್ತಿತ್ತು. ಒಳಗೆ ಮಾತ್ರ ನಿನ್ನೆಯ ಜಿಂಕೆ ಹಾಗೇ ಇತ್ತು. ಪಪ್ಪಾಯಿಯೂ ಹುಳಿಯೂ ಮೇಲಿನ ಕೆಲವೇ ಮಿಲಿಮೀಟರಿಗೆ ನಿಲ್ಲುತ್ತವೆ, ಉಪ್ಪೊಂದೇ ಆಳಕ್ಕೆ ಇಳಿಯುವುದು. ಆದ್ದರಿಂದ ಹಿಂದಿನ ರಾತ್ರಿ ಬರೀ ಉಪ್ಪು. ಮಾರನೆಯ ದಿನ ಒಂದು ಚಮಚ ಕಾಚಂಪುಳಿ, ಕುಟ್ಟಿದ ಮೆಣಸು, ಬೆಳ್ಳುಳ್ಳಿ, ಎಣ್ಣೆ. ಎರಡು ಗಂಟೆ ಸಾಕು.

ಕಾಚಂಪುಳಿ ಎಂದರೆ ಕೊಡಗಿನವರು ಪುಳಿಹಣ್ಣಿನ ರಸವನ್ನು ಕಪ್ಪಗೆ, ಮಂದವಾಗಿ ಇಳಿಯುವವರೆಗೆ ಕಾಯಿಸಿದ ಹುಳಿ. ಮೂರು ಪ್ಲಾಸ್ಟಿಕ್ ಕವರು ಸುತ್ತಿ ತಂದರೂ ಸೂಟ್‌ಕೇಸಿನಲ್ಲಿದ್ದ ರೇಷ್ಮೆ ಸೀರೆಗೆ ಅದರ ವಾಸನೆ ಹಿಡಿಯಿತು ಎಂಬುದನ್ನು ನಮ್ಮ ಮನೆಯಲ್ಲಿ ಈಗಲೂ ಎತ್ತಿ ಆಡಲಾಗುತ್ತದೆ. (ಪಂದಿ ಕರಿಯ ನೆನಪಾಗಿ ಕಾಡುಹಂದಿಗೂ ಈ ಕ್ರಮ ಹಚ್ಚೀರಿ, ಜೋಕೆ. ಅದರ ಮಾಂಸದಲ್ಲಿ ಹುಳು ಇರಬಹುದು. 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು.)

ಸುಡುವುದು. ಹೊರಗೆ ಹಿಮ, ಗ್ರಿಲ್ಲಿನ ಮುಂದೆ ನೀವು, ನಾಳೆ ಆಫೀಸಿಗೂ ಹಾಕಬೇಕಾದ ಜಾಕೆಟ್ಟು. ತುಂಡಿನ ಮೈಯ ಪಸೆಯನ್ನು ಒರೆಸಿ ನಿಗಿನಿಗಿ ಕೆಂಡದ ಮೇಲಿಡಿ. ಒಂದಂಗುಲ ದಪ್ಪದ ತುಂಡಿಗೆ ಮಗ್ಗುಲಿಗೆ ಮೂರು ನಿಮಿಷ. ನೆಣವಿಲ್ಲದ ಮಾಂಸ ತಪ್ಪನ್ನು ಕ್ಷಮಿಸುವುದಿಲ್ಲ. ಥರ್ಮಾಮೀಟರ್ ಚುಚ್ಚಿ 54 ಡಿಗ್ರಿಗೆ ತೆಗೆಯುವುದು ಬೇಟೆಗಾರರ ರೂಢಿ. ಸರ್ಕಾರ ಜಿಂಕೆ ಮಾಂಸಕ್ಕೆ 71 ಆದರೂ ಆಗಲಿ ಎನ್ನುತ್ತದೆ. ಬಸುರಿಯರೂ ವಯಸ್ಸಾದವರೂ ಮನೆಯಲ್ಲಿದ್ದರೆ ಸರ್ಕಾರದ ಮಾತೇ ನಡೆಯಲಿ. ತೆಗೆದ ಮೇಲೆ ಐದು ನಿಮಿಷ ಮುಟ್ಟಕೂಡದು.

ಈ ಐದು ನಿಮಿಷದಲ್ಲಿ ಊರಿನಿಂದ ವಿಡಿಯೋ ಕರೆ ಬರುತ್ತದೆ. ಉತ್ತರಿಸಬಾರದು. ನಾನು ಉತ್ತರಿಸಿದೆ, ಸಾಲದ್ದಕ್ಕೆ ಕೊಯ್ದೂ ತೋರಿಸಿದೆ.

"ಅಯ್ಯೋ, ಇನ್ನೂ ರಕ್ತ ಐತಲ್ಲೋ!"

"ರಕ್ತ ಅಲ್ಲಮ್ಮ, ಅದು ಮಯೋಗ್ಲೋಬಿನ್ ಅಂತ, ಮಾಂಸದ್ದೇ ಬಣ್ಣ."

"ಯಾವ ಬಿನ್ನೋ ಏನೋ, ಮೂರು ಕೂಗು ಕೂಗ್ಸಪ್ಪ. ಮಕ್ಳಿರೋ ಮನೆ."

ಮಕ್ಕಳಿರುವ ಮನೆಯೆಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತುಂಡುಗಳನ್ನು ಮತ್ತೆ ಕೆಂಡದ ಮೇಲಿಟ್ಟೆ. ಹತ್ತು ನಿಮಿಷದಲ್ಲಿ ಅವು ಚಪ್ಪಲಿಯ ಅಟ್ಟೆಯಾದವು.

ದೋಷ ನಿವಾರಣೆ: ಅಟ್ಟೆಯಾದದ್ದನ್ನು ಸಣ್ಣಗೆ ಹೆಚ್ಚಿ, ಈರುಳ್ಳಿ, ಕಾಯಿ, ಧನಿಯ ಅರೆದು ಹಾಕಿ ಕುಕ್ಕರಿಗೆ ಸೇರಿಸಿ. ಮೂರು ಸಾಲದು, ಏಳು ಕೂಗು. ಮುದ್ದೆಗೆ ಚೆನ್ನಾಗಿ ಒದಗುತ್ತದೆ. ಅಮ್ಮನಿಗೆ ಹೇಳಬೇಕಾಗಿಲ್ಲ.

ಕೊನೆಗೆ, ನೆರೆಯವರು ಪೊಟ್ಟಣವಿಟ್ಟು ಕೊಟ್ಟ ಡಬ್ಬಿ. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ನಾನು ಚಕ್ಕುಲಿ ತುಂಬಿ ಕೊಟ್ಟಿದ್ದೆ. ಪಕ್ಕದ ಮನೆಯ ಯಜಮಾನರು ಅದನ್ನು ಬೇಟೆಯ ಅಟ್ಟಣೆಗೆ ಒಯ್ದು, ಮುಂಜಾವಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದವರು ಒಂದು ಕಡಿದರಂತೆ; ಎದುರಿಗಿದ್ದ ಎಂಟು ಕವಲಿನ ಗಂಡು ಜಿಂಕೆ ಹಾರಿ ಓಡಿತಂತೆ. ಮುಂದಿನ ಸಲ ಸದ್ದು ಮಾಡದ್ದೇನಾದರೂ ಇದ್ದರೆ ಕೊಡಿ ಎಂದಿದ್ದಾರೆ. ಮೈಸೂರು ಪಾಕಿಗೆ ತುಪ್ಪ ತಂದಿಟ್ಟಿದ್ದೇನೆ.