ಎಚ್‌ಆರ್ ಸಾರ್ ಅವರಿಗೆ, ಲಗೇಜ್ ಆಟೋದಿಂದ

ಮಾನ್ಯ ಎಚ್‌ಆರ್ ಸಾರ್ ಅವರಿಗೆ, ಕೊಳಾಲ ಹೋಬಳಿಯಿಂದ ವಸಂತನರಸಾಪುರದ ಕಾರ್ಖಾನೆಗೆ ಪಾಳಿಗೆ ಬರುವವರೆಲ್ಲರ ನಮಸ್ಕಾರ.

ಪಂಚಿಂಗ್ ಮೆಷಿನ್ ಪಕ್ಕ ತಾವು ಅಂಟಿಸಿದ 'ಹಸಿರು ಪಯಣ' ಸುತ್ತೋಲೆ ಓದಿದೆವು. ನಡೆದು ಬನ್ನಿ, ಸೈಕಲ್ ತುಳಿಯಿರಿ, ಬಸ್ ಹತ್ತಿ, ಒಂದು ಗಾಡಿಯಲ್ಲಿ ನಾಲ್ಕು ಜನ ಕೂಡಿ ಬನ್ನಿ, ಇಂಗಾಲ ತಗ್ಗಿಸಿ ಎಂದಿದ್ದೀರಿ. ಪ್ಯಾಕಿಂಗ್ ಸೆಕ್ಷನ್ನಿನ ಅಕ್ಕ ಒಬ್ಬರು ಕೇಳಿಸಿಕೊಂಡು ಗಾಬರಿಯಾದರು: "ನಾಲ್ಕೇ ಜನವಾ? ಮಿಕ್ಕ ಹತ್ತು ಮಂದೀನ ಎಲ್ಲಿ ಇಳ್ಸೋದು?" ಅವರು ಬರುವುದು ಲಗೇಜ್ ಆಟೋದಲ್ಲಿ. ಹಿಂದೆ ಹದಿನಾಲ್ಕು ಜನ, ಕಾಲಸಂದಿಯಲ್ಲಿ ಊಟದ ಡಬ್ಬಿ, ಹಂಪ್ ಬಂದಾಗಲೆಲ್ಲ ಒಬ್ಬರ ಸಾರು ಇನ್ನೊಬ್ಬರ ಸೀರೆಗೆ. ಗಂಡಸರು ಒಂದೇ ಬೈಕಿನಲ್ಲಿ ಮೂವರು ಬರುತ್ತೇವೆ. ತಾವು ಅದಕ್ಕೆ ಕಾರ್‌ಪೂಲಿಂಗ್ ಅನ್ನುತ್ತೀರಿ, ಪೊಲೀಸರು ತ್ರಿಬಲ್ ರೈಡಿಂಗ್ ಅಂದು ರಸೀದಿ ಹರಿಯುತ್ತಾರೆ. ತಾವಿಬ್ಬರೂ ಒಮ್ಮೆ ಕೂತು ಮಾತಾಡಿಕೊಂಡರೆ ಉಪಕಾರ.

ಬಸ್ಸಿನ ಮಾತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಸೊನ್ನೆ ಟಿಕೆಟ್ಟು. ಆದರೆ ನಮ್ಮ ಪಾಳಿಯ ಹೊತ್ತಿಗೆ ಬರುವುದು ಖಾಸಗಿ ಬಸ್ಸು, ಅಲ್ಲಿ ಅದು ನಡೆಯದು. ಸರ್ಕಾರಿ ಬಸ್ಸು ಬರುವುದು ತಾವು ಅರ್ಧ ದಿನದ ಸಂಬಳ ಹಿಡಿದ ಮೇಲೆ. ಇನ್ನು ರೈಲು. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗಬೇಕಾದ 207 ಕಿ.ಮೀ. ತುಮಕೂರು–ರಾಯದುರ್ಗ ಮಾರ್ಗ ಮಂಜೂರಾದದ್ದು 2007-08ರಲ್ಲಿ. ನಮ್ಮ ಕಡೆ ಇನ್ನೂ ಸಿಳ್ಳೆ ಕೇಳಿಲ್ಲ. ಹೊಗೆಯ ಲೆಕ್ಕದಲ್ಲಿ ಅದನ್ನು ಮೀರಿಸುವ ವಾಹನ ಇಲ್ಲ ಬಿಡಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಸುತ್ತೋಲೆಯ ಕೆಳಗೇ ಬರೆದಿದ್ದೀರಿ. ಬಿಡುವಿನಲ್ಲಿ ಲೆಕ್ಕ ಹಾಕಿದೆವು, ಕೋಪಿಸಿಕೊಳ್ಳಬೇಡಿ. ತಾವು ದಿನಾ ಕಾರಿನಲ್ಲಿ ಬರುವುದು ಬೆಂಗಳೂರಿನಿಂದ. ಅಲ್ಲಿಂದ ತುಮಕೂರಿಗೇ 70 ಕಿ.ಮೀ., ಹೋಗಿಬರಲು 140. ತಮ್ಮ ಕಾರು ಲೀಟರಿಗೆ 14 ಕೊಟ್ಟರೂ ದಿನಕ್ಕೆ 23 ಕಿಲೋ. ಅಕ್ಕಿ ಮೂಟೆಗೆ ಎರಡೇ ಕಿಲೋ ಕಮ್ಮಿ, ಕಾರಿನಲ್ಲಿ ಕೂತದ್ದು ತಾವೊಬ್ಬರೇ.

ಆದರೂ 'ತಿಂಗಳ ಹಸಿರು ಉದ್ಯೋಗಿ' ಪ್ರಶಸ್ತಿ ತಮಗೇ ಬಂದದ್ದು ಸಂತೋಷ. ಗೇಟಿನಿಂದ ಆಫೀಸಿನವರೆಗೆ ತಾವು ಸೈಕಲ್ ತುಳಿದದ್ದನ್ನು ಎಲ್ಲರೂ ನೋಡಿದ್ದೇವೆ. ಸೈಕಲ್ ಗೇಟಿನವರೆಗೆ ಕಾರಿನ ಬೆನ್ನ ಮೇಲೆ ಬಂದದ್ದನ್ನು ವಾಚ್‌ಮನ್ ಮಾತ್ರ ನೋಡಿದ್ದಾರೆ. ಅವರೂ ದಿನಾ ಸೈಕಲ್ಲಿನಲ್ಲೇ ಬರುವವರು. ಅವರ ಸೈಕಲ್ಲಿಗೆ ಶೆಡ್ಡಿನಲ್ಲಿ ಜಾಗವಿಲ್ಲ, ಹೊಂಗೆಮರಕ್ಕೆ ಸರಪಳಿ ಬಿಗಿದಿರುತ್ತಾರೆ.

2010ರ ಫೆಬ್ರವರಿ 4ರಂದು ತಮ್ಮ ಬೆಂಗಳೂರಿನಲ್ಲಿ ಬಿಎಂಟಿಸಿಯವರು 'ಬಸ್ ದಿನ' ಶುರು ಮಾಡಿದ್ದರು, ತಿಂಗಳಿಗೊಮ್ಮೆಯಾದರೂ ಕಾರು ಬಿಟ್ಟು ಬನ್ನಿ ಎಂದು. ನಾವೂ ಒಂದು ಮಾಡೋಣ. ಮುಂದಿನ 4ನೇ ತಾರೀಖಿಗೆ, ಹಿಂದಿನ ರಾತ್ರಿಯೇ ಕೊಳಾಲಕ್ಕೆ ಬಂದುಬಿಡಿ. ಮುದ್ದೆ, ಹುರುಳಿಕಾಳು ಸಾರು ನಮ್ಮದು. ಬೆಳಿಗ್ಗೆ ಬಸ್ಸು ನಿಲ್ಲುವ ಮೊದಲೇ ಹುಡುಗರು ಕಿಟಕಿಯಿಂದ ಟವೆಲ್ ಎಸೆದು ತಮಗೊಂದು ಸೀಟು ಹಿಡಿದಿರುತ್ತಾರೆ. ಟವೆಲ್ ಮಾತ್ರ ವಾಪಸ್ ಕೊಡಬೇಕು ಸಾರ್, ಸಂಜೆ ಮತ್ತೆ ಬೇಕಾಗುತ್ತೆ.

ತಮ್ಮ ವಿಧೇಯ,
ಎರಡನೇ ಲೈನಿನ ಆಪರೇಟರ್